ಕೆಮ್ಮು ಕೇಳಿ ಮದ್ದು ಬರೆಯಬಾರದು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸುತ್ತಿನ ರೋಗಿಗಳು ನನಗೆ ಕಲಿಸಿದ್ದು ಇಷ್ಟು.

1. ಮೊದಲು ಉಸಿರು ಎಣಿಸಬೇಕು. ಅಳು ನಿಂತ ಮೇಲೆ ಮಗುವಿನ ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ನ್ಯುಮೋನಿಯಾ ಎಂದೇ ಹಿಡಿಯುತ್ತೇನೆ. ಎಳೆಗೂಸಾದರೆ, ಅಥವಾ ಮಗು ಹಾಲು ಬಿಟ್ಟು ಮಂಕಾಗಿದ್ದರೆ, ಆಕ್ಸಿಜನ್ ಇರುವ ಆಸ್ಪತ್ರೆಗೆ ಕೂಡಲೇ ಕಳಿಸಬೇಕು.

2. "ಡಾಕ್ಟ್ರ, ಸೂಜಿ ಮಾಡ್ರಿ, ಔಷಧ ನಾಟೂದಿಲ್ಲ" ಎನ್ನುತ್ತಾರೆ. ಕುಡಿದದ್ದು ದಕ್ಕುವ ಮಗುವಿಗೆ ಬಹುಮಟ್ಟಿಗೆ ಅಮಾಕ್ಸಿಸಿಲಿನ್ ಸಾಕು. ನ್ಯುಮೋಕಾಕಸ್ ರೋಗಾಣು ತನ್ನ ಹೊರಗೋಡೆ ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ಪ್ರಮಾಣ ಮಾತ್ರ ತೂಕದ ಲೆಕ್ಕದಲ್ಲಿರಬೇಕು, ಹೇಳಿದಷ್ಟು ದಿನ ಕುಡಿಸಬೇಕು. ಜ್ವರ ಬಿಟ್ಟಿತೆಂದು ಬಾಟಲಿಯನ್ನು ಮಾಡದಲ್ಲಿಟ್ಟು, ಮುಂದಿನ ತಿಂಗಳು ಅದನ್ನೇ ತಂಗಿಗೆ ಕುಡಿಸುವ ಮನೆಗಳಿವೆ. ನೀರು ಬೆರೆಸಿದ ಪುಡಿ ಅಷ್ಟು ದಿನ ಸತ್ವ ಉಳಿಸಿಕೊಳ್ಳುವುದಿಲ್ಲ.

3. ಮೈಕೊಪ್ಲಾಸ್ಮಾ ಎಂಬ ರೋಗಾಣುವಿಗೆ ಆ ಗೋಡೆಯೇ ಇಲ್ಲ. ಅಮಾಕ್ಸಿಸಿಲಿನ್ ಎಷ್ಟು ಕೊಟ್ಟರೂ ವ್ಯರ್ಥ. ಓಡಾಡಿಕೊಂಡೇ ವಾರಗಟ್ಟಲೆ ಒಣಕೆಮ್ಮು ಕೆಮ್ಮುವ ಹಾಸ್ಟೆಲ್ ಹುಡುಗರಲ್ಲಿ ಇದರ ನೆನಪಿರಬೇಕು. ಅಜಿತ್ರೊಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಇದಕ್ಕೆ ನಾಟುತ್ತದೆ. ಹಾಗೆಂದು ಪ್ರತಿ ನೆಗಡಿಗೂ ಅಜಿತ್ರೊಮೈಸಿನ್ ನುಂಗುವುದನ್ನು ಕಂಡರೆ ಸಂಕಟವಾಗುತ್ತದೆ.

4. ಹೊಲದಲ್ಲಿ ದುಡಿಯುವವರಿಗೆ ಜ್ವರ, ತಲೆನೋವು, ಏದುಸಿರು ಒಟ್ಟಿಗೆ ಬಂದರೆ ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಕೆಳಗೆ ನೋಡಲೇಬೇಕು. ಸಿಗರೇಟು ಸುಟ್ಟಂಥ ಕಪ್ಪು ಹಕ್ಕಳೆ, ಸುತ್ತ ಕೆಂಪು: ನೋವಿಲ್ಲದ್ದರಿಂದ ರೋಗಿಗೇ ಅದು ಗೊತ್ತಿರುವುದಿಲ್ಲ. ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಅದು, ಶ್ವಾಸಕೋಶಕ್ಕೂ ಇಳಿಯುತ್ತದೆ. ದುಬಾರಿ ಸೆಫ್ಟ್ರಿಯಾಕ್ಸೋನ್ ಇಲ್ಲಿ ಕೆಲಸಕ್ಕೆ ಬಾರದು. ಅಗ್ಗದ ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ.

5. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೆಮ್ಮಿಗೆ ಎಷ್ಟೋ ಸಲ ಘಾಟು, ಧೂಳೇ ಕಾರಣ. ಜ್ವರವಿಲ್ಲದೆ, ಎದೆಯಲ್ಲಿ ಬರೀ ಸುಯ್‌ಗುಟ್ಟುವ ಸದ್ದಿದ್ದರೆ ಬೇಕಾದದ್ದು ಇನ್‌ಹೇಲರ್, ಮೂಗು-ಬಾಯಿಗೆ ಬಟ್ಟೆ; ಆಂಟಿಬಯಾಟಿಕ್ ಅಲ್ಲ.

6. ಪಾರ್ಶ್ವವಾಯು ಆದವರಿಗೆ ಅನ್ನ ನೆತ್ತಿಗೇರಿ ಬರುವ ನ್ಯುಮೋನಿಯಾ, ಆಸ್ಪತ್ರೆಯಲ್ಲೇ ಅಂಟುವ ನ್ಯುಮೋನಿಯಾ ಬೇರೆ ಜಾತಿಯವು. ಅವಕ್ಕೆ ಮನೆಮದ್ದಿನ ಧೈರ್ಯ ಬೇಡ.

7. ಕೆಮ್ಮು ಎರಡು ವಾರ ದಾಟಿದ್ದರೆ ಲಿವೊಫ್ಲಾಕ್ಸಾಸಿನ್ ಬರೆಯುವ ಮುಂಚೆ ಕಫ ಪರೀಕ್ಷೆ ಆಗಲೇಬೇಕು. ಆ ಗುಳಿಗೆ ಕ್ಷಯವನ್ನು ಅರೆಬರೆ ಅದುಮಿಡುತ್ತದೆ: ರೋಗಿ ಕೆಲ ದಿನ ಗೆಲುವಾಗುತ್ತಾನೆ, ರೋಗ ಪತ್ತೆಯಾಗುವುದು ತಡವಾಗುತ್ತದೆ, ಅಷ್ಟರಲ್ಲಿ ಮನೆಮಂದಿಗೂ ಹಬ್ಬಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಔಷಧ ಎರಡೂ ಉಚಿತ.