ಬೇಡ ಎನ್ನಲು ಕಲಿ, ಆಮೇಲೆ ಬೋರ್ಡು ಹಾಕು

ಕಂಪನಿಯ ಕೆಲಸ ಬಿಟ್ಟು ಸ್ವಂತ ಆಫೀಸು ತೆರೆಯಲೇ ಎಂದು ಕೇಳಿದ್ದೀಯ, ಮಗಳೇ. ಧಾರಾಳವಾಗಿ ತೆರೆ. ಆದರೆ ಅದಕ್ಕೂ ಮೊದಲು ಒಂದು ಲೆಕ್ಕ ಹಾಕು. ನಿನ್ನ ದೊಡ್ಡ ಕಕ್ಷಿದಾರ ನಾಳೆ ಕೈಬಿಟ್ಟರೆ ಮನೆಖರ್ಚು, ಆಫೀಸಿನ ಬಾಡಿಗೆ, ಜೂನಿಯರ್ ಸಂಬಳ ಎಷ್ಟು ತಿಂಗಳು ನಡೆಯುತ್ತದೆ? ಒಂದು ವರ್ಷಕ್ಕಾಗುವಷ್ಟು ಕೂಡಿಟ್ಟುಕೊಂಡು ಹೊರಡು. ಕಾನೂನಿಗಿಂತ ಮೊದಲು ದುಡ್ಡಿನ ಮಾತು ಎತ್ತಿದ್ದಕ್ಕೆ ಕಾರಣವಿದೆ. ಕಂಪನಿಗಳಿಗೆ ಸಲಹೆ ಕೊಡುವವರ ಅರ್ಧ ಕೆಲಸ ‘ಹೀಗೆ ಮಾಡಬೇಡಿ’ ಎನ್ನುವುದು. ಒಬ್ಬನ ಫೀಸನ್ನೇ ನೆಚ್ಚಿ ಕೂತವರ ಬಾಯಿಂದ ಆ ಮಾತು ಹೊರಡುವುದಿಲ್ಲ.

ನಮ್ಮ ಬೆಂಗಳೂರಿನ ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳಲ್ಲಿ ದಿನವೂ ನಡೆಯುವ ಸಂಗತಿಯನ್ನೇ ತೆಗೆದುಕೋ. ಸಣ್ಣ ಕಂಪನಿಯೊಂದಕ್ಕೆ ಹೂಡಿಕೆದಾರರಿಂದ ಷೇರಿನ ಹಣ ಬಂದಿದೆ. ತಿಂಗಳ ಕೊನೆ, ಮೂವತ್ತು ಹುಡುಗರಿಗೆ ಸಂಬಳ ಕೊಡಬೇಕು. ‘ಹಣ ಖಾತೆಯಲ್ಲೇ ಇದೆಯಲ್ಲ ಮೇಡಂ, ತೆಗೆದು ಕೊಟ್ಟುಬಿಡೋಣ’ ಎಂದು ಫೋನು ಬರುತ್ತದೆ. 2013ರ ಕಂಪನಿ ಕಾಯ್ದೆಯ 42ನೇ ಕಲಮು ಅದಕ್ಕೆ ಒಪ್ಪುವುದಿಲ್ಲ. ಆ ಹಣ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಷೇರು ಹಂಚಿಕೆ ಮುಗಿದು, ಅದರ ವಿವರ ರಿಜಿಸ್ಟ್ರಾರರಿಗೆ ಸಲ್ಲಿಕೆಯಾಗುವ ತನಕ ಮುಟ್ಟುವಂತಿಲ್ಲ. ಹಣ ಬಂದ 60 ದಿನದೊಳಗೆ ಹಂಚಿಕೆ ಆಗಬೇಕು. ಹೂಡಿಕೆದಾರ ಹೊರದೇಶದವನಾದರೆ ಹಂಚಿಕೆಯಾದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೂ ವರದಿ ಹೋಗಬೇಕು.

ಇಲ್ಲಿ ಬರೀ ಕಲಮು ಓದಿ ಹೇಳಿ ಫೋನಿಟ್ಟರೆ ನೀನು ಯಾರಿಗೂ ಬೇಡವಾಗುತ್ತೀಯ. ಬೇಡ ಎಂದ ಉಸಿರಿನಲ್ಲೇ ದಾರಿಯನ್ನೂ ತೋರಿಸು. ಎಲ್ಲ ಕಾಗದ ಸರಿಯಿದ್ದರೆ ಇವತ್ತೇ ಬೋರ್ಡ್ ಮೀಟಿಂಗ್ ಕರೆಸು, ಹಂಚಿಕೆಯ ಠರಾವು ಮಾಡಿಸು, ಸಂಜೆಯೊಳಗೆ ಫಾರಂ ಸಲ್ಲಿಸುವಂತೆ ಕಂಪನಿ ಸೆಕ್ರೆಟರಿಯ ಬೆನ್ನು ಹತ್ತು. ಅಷ್ಟನ್ನೂ ಆ ದಿನವೇ ಈಮೇಲಿನಲ್ಲಿ ಬರೆದು ಕಳಿಸು. ಬಾಯಿಮಾತಿನ ಸಲಹೆ ಆರು ತಿಂಗಳಾದ ಮೇಲೆ ಯಾರ ನೆನಪಿನಲ್ಲೂ ಹೇಳಿದ ಹಾಗೆ ಉಳಿಯುವುದಿಲ್ಲ. ನಿನ್ನ ಹೆಸರು ಬೆಳೆಯುವುದು ಇಂಥ ದಿನಗಳಲ್ಲಿ. ಬಾರ್ ಕೌನ್ಸಿಲ್ಲಿನ ನಿಯಮಗಳ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ. ನಾಮಫಲಕ ಕೂಡ ಹಿತಮಿತವಾಗಿರಬೇಕು. ಉಳಿದ ದಾರಿ ಒಂದೇ: ಒಬ್ಬರು ಇನ್ನೊಬ್ಬರಿಗೆ ‘ಆಕೆಯನ್ನು ಕೇಳಿ’ ಎನ್ನಬೇಕು.

ಹಳೆಯ ಡ್ರಾಫ್ಟುಗಳನ್ನು ನಂಬಬೇಡ. ಹೊರದೇಶದ ಮಾದರಿಯಿಂದ ಎತ್ತಿಕೊಂಡ ಕರಾರಿನಲ್ಲಿ, ಕೆಲಸ ಬಿಟ್ಟವನು ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂದಿರುತ್ತದೆ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಅದು ನಿಲ್ಲುವುದಿಲ್ಲ. ಛಾಪಾ ಕಾಗದದ ವಿಚಾರವನ್ನು ಗುಮಾಸ್ತರಿಗೆ ಬಿಟ್ಟು ನಿಶ್ಚಿಂತೆಯಾಗಿ ಕೂರಬೇಡ. ಸರಿಯಾದ ಶುಲ್ಕ ಕಟ್ಟದ ಪತ್ರವನ್ನು ನಮ್ಮ ಕರ್ನಾಟಕದ ಕಾಯ್ದೆಯ ಪ್ರಕಾರ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಒಪ್ಪಿಸಬೇಕಾದರೆ ದಂಡವೇ ಹತ್ತು ಪಟ್ಟು ಆಗಬಹುದು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2023ರ ಡಿಸೆಂಬರಿನಲ್ಲಿ, ಇದು ಸರಿಪಡಿಸಬಹುದಾದ ದೋಷ, ಇಷ್ಟಕ್ಕೇ ಮಧ್ಯಸ್ಥಿಕೆಯ ಕರಾರು ರದ್ದಾಗದು ಎಂದಿತು, ನಿಜ. ಆದರೆ ವ್ಯಾಜ್ಯ ಹುಟ್ಟಿದ ಮೇಲೆ ಸರಿಪಡಿಸಲು ಹೊರಟ ಕಕ್ಷಿದಾರ ನಿನ್ನ ಮುಖ ನೋಡುವ ರೀತಿಯೇ ಬೇರೆ.

ಇನ್ನು ಸನ್ನದಿನ ವಿಷಯ. ಕಂಪನಿಯ ಪೂರ್ಣಾವಧಿ ನೌಕರಿ ಸೇರುವಾಗ ಅದನ್ನು ಅಮಾನತಿನಲ್ಲಿ ಇರಿಸಿದ್ದೀಯ. ಅದು ಮತ್ತೆ ಜಾರಿಗೆ ಬರುವ ತನಕ ವಕೀಲೆಯಾಗಿ ಒಂದು ಅಭಿಪ್ರಾಯಪತ್ರಕ್ಕೂ ಸಹಿ ಹಾಕಬೇಡ. ಇದು ಬರೀ ಶಿಸ್ತಿನ ಮಾತಲ್ಲ. ಕಂಪನಿಯ ನೌಕರಿಯಲ್ಲಿರುವ ಕಾನೂನು ಸಲಹೆಗಾರರಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ಗೋಪ್ಯತೆಯ ರಕ್ಷಣೆ ಸಿಗದೆಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರಿನಲ್ಲಿ ಹೇಳಿದೆ. ವಕಾಲತ್ತಿಗೆ ಮರಳಿದ ಮೇಲೆ ಕಕ್ಷಿದಾರ ನಿನಗೆ ಹೇಳಿದ್ದಕ್ಕೆ ಆ ರಕ್ಷಣೆಯಿದೆ. ಆದರೆ ಕಾನೂನುಬಾಹಿರ ಉದ್ದೇಶ ಸಾಧಿಸಲು ನಡೆದ ಮಾತುಕತೆಗೆ ಅದು ಅನ್ವಯಿಸದು. ಯಾರಾದರೂ ಬೋರ್ಡ್ ಮೀಟಿಂಗಿನ ನಡಾವಳಿಗೆ ಹಿಂದಿನ ತಾರೀಖು ಹಾಕಿಕೊಡಿ ಎಂದರೆ, ಎಷ್ಟೇ ಆಪ್ತರಾಗಲಿ, ಕಡತ ಹಿಂತಿರುಗಿಸು. ಬಾಕಿ ಫೀಸು ಹೋದರೆ ಹೋಗಲಿ. ಒಂದು ವರ್ಷದ ಖರ್ಚು ಕೂಡಿಡು ಎಂದದ್ದು ಈ ದಿನಕ್ಕಾಗಿಯೇ.

ಫೀಸು ಕೇಳಲು ಸಂಕೋಚ ಪಡಬೇಡ. ಯಾವ ಕೆಲಸ, ಎಷ್ಟು, ಯಾವಾಗ ಎಂದು ಕಡತ ಮುಟ್ಟುವ ಮೊದಲೇ ಪತ್ರದಲ್ಲಿ ಬರೆ. ಈಗಿನ ಕಂಪನಿಯವರು ತಿಂಗಳ ರಿಟೇನರ್ ಕೊಡುತ್ತೇವೆ ಎಂದರೆ ಒಪ್ಪಿಕೋ, ಆದರೆ ಅವರ ಕೆಲಸ ನಿನ್ನ ವರ್ಷದ ಆದಾಯದ ಮೂರರಲ್ಲೊಂದು ಭಾಗ ಮೀರದಂತೆ ನೋಡಿಕೋ. ಮೊದಲ ಫೀಸಿನ ಪತ್ರ ಬರೆದಾಗ ಕಳಿಸು, ಅಂಕಿಯನ್ನು ನಾನೂ ನೋಡುತ್ತೇನೆ. ನೀನು ಕಡಿಮೆಯೇ ಬರೆದಿರುತ್ತೀಯ.