ತೊಗರಿಯ ತಳಿಗಳೂ ರೋಗನಿರೋಧ ಶಕ್ತಿಯೂ

ಕೊಡಂಬಲದ ಸೀಮೆಯಲ್ಲಿ ತೊಗರಿಬೇಳೆ ಬೇಯದ ಮನೆಯಿಲ್ಲ. ಆದರೆ ಆ ಗಿಡವು ಎಂತಹ ಶತ್ರುಗಳನ್ನು ಗೆದ್ದು ನಮಗೆ ಕಾಳನ್ನೀಯುವುದೆಂದು ನಾವು ವಿಚಾರಿಸುವುದು ಅಪರೂಪ.

ಹೂಕಾಯಿಗಳ ಕಾಲದಲ್ಲಿ ಸೊಂಪಾಗಿ ನಿಂತ ತೊಗರಿಯು ಕೆಲವೇ ದಿನಗಳಲ್ಲಿ ಬಾಡಿ ಒಣಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದೇ ನೆಟೆ ರೋಗವು. ಬಟ್ಲರ್ ಪಂಡಿತರು 1910ರಲ್ಲಿ ವರ್ಣಿಸಿದ ಫ್ಯುಸೇರಿಯಮ್ ಎಂಬ ಶಿಲೀಂಧ್ರವು ಬೇರಿನಿಂದ ಒಳಹೊಕ್ಕು, ನೀರೇರುವ ನಾಳಗಳನ್ನು ಮುಚ್ಚಿಬಿಡುತ್ತದೆ. ಹೊಲದಲ್ಲುಳಿದ ಕೂಳೆಯಲ್ಲಿ ಅದು ವರ್ಷಗಟ್ಟಲೆ ಜೀವಿಸಬಲ್ಲುದು.

ಹಾಗಾದರೆ ಅದೇ ಹೊಲದಲ್ಲಿ ಕೆಲವು ಗಿಡಗಳು ಬದುಕುವುದೇಕೆ? ಜೇನುನೊಣಗಳು ತೊಗರಿಯ ಪರಾಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವವು. ಆದಕಾರಣ ನಾಟಿ ತಳಿಯ ಗಿಡಗಳು ಒಂದೇ ಹೆಸರಿನವಾದರೂ ಒಂದೇ ಗುಣದವಲ್ಲ. ಒಂದಕ್ಕೆ ತಗಲಿದ ರೋಗವನ್ನು ಮತ್ತೊಂದು ತಡೆದುಕೊಳ್ಳುವುದು.

ಹುಮನಾಬಾದದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಪಟಾಂಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಸಂಶೋಧನಾಲಯವು ಸ್ಥಾಪಿತವಾಯಿತು. ಅಲ್ಲಿಯ ವಿದ್ವಾಂಸರು ಮಹಾರಾಷ್ಟ್ರದ ಒಂದು ನಾಟಿ ತೊಗರಿಯಿಂದ ನೆಟೆಯನ್ನು ತಾಳುವ ಗಿಡಗಳನ್ನು ಆರಿಸಿ ಬೆಳೆಸಿದರು. ಅದೇ 1986ರಲ್ಲಿ ಕರ್ನಾಟಕದ ರೈತರಿಗೆ ದೊರೆತ 'ಮಾರುತಿ' ತಳಿಯು. ಅದರಿಂದ ಅನೇಕ ಹೊಲಗಳು ಉಳಿದವು. ಆದರೆ ಮಾರುತಿಗೆ ಗೊಡ್ಡು ರೋಗವನ್ನು ತಡೆಯುವ ಶಕ್ತಿಯಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಈ ರೋಗದ ವಿಷಾಣುವನ್ನು ಹರಡುತ್ತದೆ. ಗಿಡವು ಹಸುರಾಗಿಯೇ ನಿಂತು ಹೂವನ್ನೇ ಬಿಡದು. ಒಂದೇ ತಳಿಯು ಎಲ್ಲೆಡೆ ಹಬ್ಬಿದಲ್ಲಿ ಇಂತಹ ರೋಗಕ್ಕೆ ದಾರಿ ಸುಗಮವಾಗುವುದು. ಅನಂತರ ಎರಡೂ ರೋಗಗಳನ್ನು ತಾಳುವ ಬಿ.ಎಸ್.ಎಮ್.ಆರ್. 736 ಎಂಬ ತಳಿಯು ಬಂದಿತು.

ಐರ್ಲೆಂಡಿನ ಬಡಜನರು ಬಹುಮಟ್ಟಿಗೆ ಒಂದೇ ಬಗೆಯ ಆಲೂಗಡ್ಡೆಯನ್ನು ನಂಬಿದ್ದರು. 1845ರಲ್ಲಿ ಅಂಗಮಾರಿ ರೋಗವು ಬಂದಾಗ ಘೋರ ಕ್ಷಾಮವುಂಟಾಗಿ, ಲಕ್ಷಾಂತರ ಜನರು ಮಡಿದರು.

ಪಟಾಂಚೆರುವಿನ ಬೀಜಭಂಡಾರದಲ್ಲಿ ತೊಗರಿಯ 13,000ಕ್ಕೂ ಹೆಚ್ಚು ಮಾದರಿಗಳಿವೆ. ಅವುಗಳಲ್ಲಿ ಬಹುಪಾಲು ರೈತರ ಹೊಲಗಳಿಂದಲೇ ಬಂದವು. ಬೂದಿ ಬೆರೆಸಿ, ಬೇವಿನೆಲೆಯಿಟ್ಟು ಗಡಿಗೆಯಲ್ಲಿ ಬೀಜ ಕಾಪಾಡಿದ ತಾಯಂದಿರ ಶ್ರಮವು ಇಂತಹ ಭಂಡಾರಗಳ ಹಿಂದಿದೆ. ಆದರೆ ಭಂಡಾರದ ಬೀಜವು ಶೀತಲದಲ್ಲಿ ನಿದ್ರಿಸುವುದು; ಹೊಲದ ಬೀಜವಾದರೋ ವರ್ಷ ವರ್ಷವೂ ಮಳೆ, ಮಣ್ಣು, ರೋಗಗಳೊಡನೆ ಹೋರಾಡಿ ಕಲಿಯುವುದು. ಎರಡೂ ನಮಗೆ ಬೇಕು.

ಆದುದರಿಂದ, ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ಹೊಸ ತಳಿಯನ್ನು ಬೇಡವೆನ್ನುವುದು ನಮ್ಮ ಉದ್ದೇಶವಲ್ಲ. ಅದನ್ನು ಬಿತ್ತೋಣ, ನೆಟೆಯನ್ನು ತಗ್ಗಿಸುವ ಜೋಳದೊಡನೆ ಬಿತ್ತೋಣ. ಆದರೆ ಅಜ್ಜಿಯ ಗಡಿಗೆಯಲ್ಲಿ ಉಳಿದ ನಾಟಿ ತೊಗರಿಯನ್ನು ಬೇಳೆ ಮಾಡಿ ಮುಗಿಸುವ ಮುನ್ನ ಒಂದು ಹಿಡಿ ತೆಗೆದಿರಿಸಿ, ಹೊಲದ ಬದಿಯಲ್ಲಿ ಒಂದು ಸಾಲಾದರೂ ಬಿತ್ತೋಣ. ನಾಳಿನ ರೋಗಕ್ಕೆ ಮದ್ದು ಆ ಹಿಡಿಯಲ್ಲಿಯೇ ಇದ್ದೀತು.