ಮಿಡಾಸನ ಮಗಳು ಎಲ್ಲಿಂದ ಬಂದಳು? – ರಜೆಯಲ್ಲಿ ಗ್ರೀಕ್ ಪುರಾಣ ಓದುವವರಿಗೆ

ಕಳೆದ ವರ್ಷ ಜೂನ್ ಕೊನೆಯಲ್ಲಿ ನನ್ನ ಚಾಚಾ ಅಮೆರಿಕದಿಂದ ಸಂಸಾರ ಸಮೇತ ಊರಿಗೆ ಬಂದಿದ್ದರು. ನಮಗೆ ಆಗಷ್ಟೇ ಪ್ರಥಮ ಪಿಯುಸಿ ತರಗತಿಗಳು ಶುರುವಾಗಿದ್ದವು. ಚಾಚಾನ ಮಗಳಿಗೆ ಅಲ್ಲಿನ ಬೇಸಿಗೆ ರಜೆ. ಸೂಟ್‌ಕೇಸಿನಿಂದ ಚಾಕೊಲೇಟ್ ತೆಗೆದ ಮೇಲೆ ಅವಳು ಒಂದು ದಪ್ಪ ಪುಸ್ತಕವನ್ನೂ ತೆಗೆದು ಮುಖ ಸಣ್ಣಗೆ ಮಾಡಿಕೊಂಡಳು. "ಆಪಾ, ಇದನ್ನು ಊರಿಗೆ ಹಿಂತಿರುಗುವುದರೊಳಗೆ ಓದಿ ಮುಗಿಸಬೇಕು. ಸ್ಕೂಲ್ ತೆರೆದ ಮೊದಲ ವಾರವೇ ಟೆಸ್ಟ್." ಅದು ಎಡಿತ್ ಹ್ಯಾಮಿಲ್ಟನ್ ಬರೆದ 'ಮಿಥಾಲಜಿ'.

ನಮ್ಮಲ್ಲಿ ಆನರ್ಸ್ ಎಂದರೆ ಡಿಗ್ರಿಯ ಮಾತು. ಅಮೆರಿಕದ ಹೈಸ್ಕೂಲಿನಲ್ಲಿ ಒಂದೇ ತರಗತಿಯ ಇಂಗ್ಲಿಷ್ ವಿಷಯಕ್ಕೇ ಸಾಮಾನ್ಯ ಹಂತ, ಆನರ್ಸ್ ಹಂತ ಎಂದು ಇರುತ್ತದೆ. ಆನರ್ಸ್ ತೆಗೆದುಕೊಂಡವರಿಗೆ ರಜೆಯಲ್ಲೂ ಪುಸ್ತಕ ಕೊಟ್ಟು ಕಳಿಸುತ್ತಾರೆ. ಆ ಪಟ್ಟಿಯಲ್ಲಿ ಹ್ಯಾಮಿಲ್ಟನ್ ಪುಸ್ತಕವೂ ಹೋಮರನ 'ಒಡಿಸ್ಸಿ'ಯೂ ಅನೇಕ ಶಾಲೆಗಳಲ್ಲಿ ಇರುತ್ತವೆ. ಮುಂದೆ ಓದಬೇಕಾದ ಶೇಕ್ಸ್‌ಪಿಯರ್, ಮಿಲ್ಟನ್, ಕೀಟ್ಸ್ ಮುಂತಾದವರು ಈ ಕಥೆಗಳು ಓದುವವರಿಗೆ ಗೊತ್ತೇ ಇವೆ ಎಂದುಕೊಂಡು ಬರೆದವರು. ಕಥೆ ಗೊತ್ತಿಲ್ಲದಿದ್ದರೆ ಪ್ರತಿ ಸಾಲಿಗೂ ಅಡಿಟಿಪ್ಪಣಿ ನೋಡಬೇಕಾಗುತ್ತದೆ.

ಹ್ಯಾಮಿಲ್ಟನ್ ಹುಟ್ಟಿದ್ದು 1867ರಲ್ಲಿ. ಬಾಲ್ಟಿಮೋರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವರ್ಷಾನುಗಟ್ಟಲೆ ಮುಖ್ಯೋಪಾಧ್ಯಾಯಿನಿಯಾಗಿದ್ದು, ನಿವೃತ್ತಿಯ ನಂತರ ಬರೆಯಲು ಕುಳಿತವರು. 'ಮಿಥಾಲಜಿ' ಬಂದದ್ದು 1942ರಲ್ಲಿ. 1957ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿದ್ದಾಗ, ಅಥೆನ್ಸ್ ನಗರ ಅವರಿಗೆ ಗೌರವ ಪೌರತ್ವ ಕೊಟ್ಟಿತು. ನಿವೃತ್ತಿ ಎಂದರೆ ಮುಗಿಯಿತು ಎನ್ನುವ ನಮ್ಮ ಉಪನ್ಯಾಸಕರು ಇದನ್ನು ಗಮನಿಸಬೇಕು!

ನಾವಿಬ್ಬರೂ ಓದಿದ ರೀತಿ ಮಾತ್ರ ಪೂರ್ತಿ ತಪ್ಪು. ಪುಸ್ತಕದ ಕೊನೆಯಲ್ಲಿರುವ ವಂಶವೃಕ್ಷ ನೋಡಿ ಹೆದರಿ ಒಂದು ಪಟ್ಟಿ ಮಾಡಿದೆವು. ಗ್ರೀಕ್ ಹೆಸರು ಒಂದು ಕಡೆ, ರೋಮನ್ ಹೆಸರು ಇನ್ನೊಂದು ಕಡೆ: ಜ್ಯೂಸ್ ಎಂದರೆ ಜುಪಿಟರ್, ಹೇರಾ ಎಂದರೆ ಜೂನೋ, ಹರ್ಮಿಸ್ ಎಂದರೆ ಮರ್ಕ್ಯುರಿ. ಇದನ್ನು ಬಾಯಿಪಾಠ ಮಾಡಿಸಿದ್ದು ನಾನು. ಕೊನೆಗೆ ಸಮಯ ಸಾಲದೆ, "ಮಿಡಾಸ್ ಕಥೆ ಓದಬೇಡ, ಅದು ನನಗೆ ಪ್ರೈಮರಿಯಿಂದಲೇ ಗೊತ್ತು, ಹೇಳಿಬಿಡುತ್ತೇನೆ" ಎಂದವಳೂ ನಾನೇ.

ಆಗಸ್ಟಿನಲ್ಲಿ ಅವರು ಹೊರಟರು. ಪುಸ್ತಕ ನನ್ನ ಹತ್ತಿರವೇ ಉಳಿಯಿತು. ಟೆಸ್ಟ್ ಮುಗಿದ ದಿನ ಅವಳು ಫೋನ್ ಮಾಡಿದಾಗ ಗಂಟಲು ಕಟ್ಟಿತ್ತು. ಹೆಸರುಗಳ ಮೇಲೆ ಪ್ರಶ್ನೆಯೇ ಇರಲಿಲ್ಲವಂತೆ. ಬಂದಿದ್ದ ದೊಡ್ಡ ಪ್ರಶ್ನೆ ಇದು: ಮಿಡಾಸನಿಗೆ ಆದದ್ದು ಶಿಕ್ಷೆಯೋ ಕ್ಷಮೆಯೋ, ಕಥೆಯಿಂದ ಆಧಾರ ಕೊಟ್ಟು ಬರೆಯಿರಿ. ಇವಳು ನಾನು ಹೇಳಿದಂತೆ, ಮಗಳನ್ನು ಮುಟ್ಟಿದ, ಅವಳು ಚಿನ್ನದ ಬೊಂಬೆಯಾದಳು, ಅದೇ ಶಿಕ್ಷೆ ಎಂದು ಒಂದು ಪುಟ ತುಂಬಿಸಿದ್ದಳು. ಟೀಚರು ಅದರ ಕೆಳಗೆ 'ಈ ಮಗಳು ಎಲ್ಲಿಂದ ಬಂದಳು?' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರಂತೆ.

ಆ ರಾತ್ರಿಯೇ ಪುಸ್ತಕ ತೆಗೆದು ನೋಡಿದೆ. ನಿಜ, ಮಗಳಿಲ್ಲ! ಹ್ಯಾಮಿಲ್ಟನ್ ಪ್ರತಿ ಕಥೆಗೂ ಮೊದಲು, ಇದನ್ನು ಯಾವ ಹಳೆಯ ಕವಿಯಿಂದ ತೆಗೆದುಕೊಂಡೆ ಎಂದು ನಾಲ್ಕು ಸಾಲಿನಲ್ಲಿ ಹೇಳುತ್ತಾರೆ. ನಾವು ಹಾರಿಸಿದ್ದು ಆ ಸಾಲುಗಳನ್ನೇ. ಮಿಡಾಸ್ ಕಥೆಗೆ ಅವರ ಆಧಾರ ರೋಮನ್ ಕವಿ ಓವಿಡ್. ಅವನಲ್ಲಿ ದೊರೆ ಮುಟ್ಟಿದ ರೊಟ್ಟಿ ಚಿನ್ನವಾಗುತ್ತದೆ, ಕುಡಿಯಲು ಹೋದದ್ದು ಚಿನ್ನವಾಗುತ್ತದೆ. ಹಸಿವಿನಿಂದ ಕಂಗಾಲಾಗಿ ಬೇಡಿಕೊಂಡಾಗ, ಪ್ಯಾಕ್ಟೋಲಸ್ ನದಿಯ ಮೂಲಕ್ಕೆ ಹೋಗಿ ಸ್ನಾನ ಮಾಡು ಎಂಬ ಉತ್ತರ ಬರುತ್ತದೆ. ಅವನು ತೊಳೆದುಕೊಂಡ ಚಿನ್ನ ನದಿಯ ಮರಳಿಗೆ ಸೇರುತ್ತದೆ. ಮಗಳನ್ನು ಪ್ರಸಿದ್ಧಿಗೆ ತಂದದ್ದು 19ನೆಯ ಶತಮಾನದಲ್ಲಿ ಮಕ್ಕಳಿಗಾಗಿ ಈ ಕಥೆಯನ್ನು ಮತ್ತೆ ಬರೆದ ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್. ನಾನು ಪ್ರೈಮರಿಯಲ್ಲಿ ಕೇಳಿದ್ದು ಅವನ ಕಥೆ.

ಇದೇ ರೀತಿ ಹುಡುಕುತ್ತಾ ಹೋದರೆ ಇನ್ನೂ ಸಿಗುತ್ತವೆ. ಟ್ರಾಯ್ ಯುದ್ಧ ಎಂದರೆ ಮರದ ಕುದುರೆ, ಅಕಿಲಿಸನ ಹಿಮ್ಮಡಿ ಎನ್ನುತ್ತೇವೆ. ಹೋಮರನ 'ಇಲಿಯಡ್' ಹೆಕ್ಟರನ ಅಂತ್ಯಕ್ರಿಯೆಗೆ ಮುಗಿದುಹೋಗುತ್ತದೆ. ಕುದುರೆ 'ಒಡಿಸ್ಸಿ'ಯಲ್ಲಿ ಬರುತ್ತದೆ, ವಿಸ್ತಾರವಾಗಿ ಬರುವುದು ವರ್ಜಿಲನಲ್ಲಿ. ಹಿಮ್ಮಡಿಯ ಮಾತು ಹೋಮರನಲ್ಲಿ ಇಲ್ಲವೇ ಇಲ್ಲ.

ಈಗ ನಮ್ಮ ವಾಣಿಜ್ಯ ವಿಭಾಗದವರಿಗೆ. ಪ್ಯಾಕ್ಟೋಲಸ್ ನಿಜವಾದ ನದಿ. ಇಂದಿನ ತುರ್ಕಿಯ ಪಶ್ಚಿಮದಲ್ಲಿದ್ದ ಲಿಡಿಯಾ ರಾಜ್ಯದ ರಾಜಧಾನಿ ಸಾರ್ಡಿಸ್ ಪಕ್ಕದಲ್ಲಿ ಹರಿಯುತ್ತಿತ್ತು. ಅದರ ಮರಳಿನಲ್ಲಿ ಚಿನ್ನ ಸಿಗುತ್ತಿತ್ತು. ಚಿನ್ನ ಬೆಳ್ಳಿ ಬೆರೆತ ಲೋಹದಲ್ಲಿ ನಾಣ್ಯ ಹೊಡೆದ ಮೊದಲಿಗರಲ್ಲಿ ಲಿಡಿಯಾದವರು ಸೇರುತ್ತಾರೆ. ಹೀಗೆ ನಾವು ಅರ್ಥಶಾಸ್ತ್ರದಲ್ಲಿ ಓದುವ ನಾಣ್ಯದ ಇತಿಹಾಸ ಮತ್ತು ಮಿಡಾಸ್ ಕಥೆ ಒಂದೇ ನದಿಯ ದಡಕ್ಕೆ ಬಂದು ನಿಲ್ಲುತ್ತವೆ. ಸೀಮಾಂತ ತುಷ್ಟಿಗುಣದ ಪಾಠಕ್ಕೂ ಮಿಡಾಸನಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ: ಮನೆ ತುಂಬ ಚಿನ್ನ ಇರುವವನಿಗೆ ಇನ್ನೊಂದು ತೊಲ ಏನೂ ಅಲ್ಲ, ಒಂದು ತುತ್ತು ರೊಟ್ಟಿಯೇ ಎಲ್ಲಾ. 'ಮನಿ' ಎಂಬ ಪದ ರೋಮ್ ನಗರದ ಜೂನೋ ಮೊನೇಟಾ ದೇವಾಲಯದಿಂದ ಬಂದದ್ದು. ರೋಮನರ ಟಂಕಸಾಲೆ ಅಲ್ಲಿಯೇ ಇತ್ತು. ಮರ್ಕ್ಯುರಿ ವ್ಯಾಪಾರಿಗಳ ದೇವತೆ. ಗ್ರೀಕರ ಹರ್ಮಿಸ್ ಕಳ್ಳರಿಗೂ ದೇವತೆ. ವಿಜ್ಞಾನ ವಿಭಾಗದವರಿಗೆ ಇದನ್ನು ಹೇಳಬೇಡಿ.

ಮನೆಯ ವಿಷಯವನ್ನೂ ಬರೆಯಬೇಕು, ಏಕೆಂದರೆ ನಮ್ಮಲ್ಲಿ ಅನೇಕರಿಗೆ ಇದು ಎದುರಾಗುತ್ತದೆ. ಒಳಗಿನ ಚಿತ್ರ ನೋಡಿ ದಾದಿ, "ಬೇಟಾ, ಬುತ್‌ಗಳ ಪುಸ್ತಕ ಏಕೆ ಓದುತ್ತೀ?" ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದೇ ಅನುಮಾನವಿತ್ತು. ಸ್ವಲ್ಪ ದಿನ ಅಕೌಂಟೆನ್ಸಿ ಪುಸ್ತಕದ ಬ್ರೌನ್ ಕವರನ್ನು ಇದಕ್ಕೆ ಹಾಕಿ ಓದಿದೆ. ಅಡಗಿಸಿ ಓದುವುದು ಸರಿ ಕಾಣದೆ, ಒಂದು ಸಂಜೆ ದಾದಿಯ ಪಕ್ಕದಲ್ಲಿ ಕುಳಿತು ಈಡಿಪಸ್ ಕಥೆಯನ್ನು ಉರ್ದುವಿನಲ್ಲಿ ಹೇಳಿದೆ. ದಾರಿಯಲ್ಲಿ ಎದುರಾದ ಮುದುಕನನ್ನು ತಂದೆಯೆಂದು ತಿಳಿಯದೆ ಕೊಂದ ಮಗನ ಕಥೆ. ದಾದಿ ತಸ್ಬೀಹ್ ನಿಲ್ಲಿಸಿ ಪೂರ್ತಿ ಕೇಳಿದರು. "ಇದು ರುಸ್ತುಮ್ ಸೊಹ್ರಾಬ್ ಕಥೆ ತಿರುಗಿಸಿದ ಹಾಗಿದೆ. ಅಲ್ಲಿ ತಂದೆ ಮಗನನ್ನು ಕೊಂದ. ಸೊಹ್ರಾಬ್ ಹೆಸರು ಕೇಳಿದ, ರುಸ್ತುಮ್ ಹೇಳಲಿಲ್ಲ" ಎಂದರು.

ದಾದಿ ಚಿಕ್ಕಂದಿನಿಂದ ನಮಗೆ ಹೇಳಿದ ಆ ಕಥೆ ಫಿರ್ದೌಸಿ ಸುಮಾರು 1010ರಲ್ಲಿ ಮುಗಿಸಿದ 'ಶಾಹನಾಮಾ'ದಲ್ಲಿದೆ. ಅದರ ರಾಜರು ಇಸ್ಲಾಮಿಗಿಂತ ಹಿಂದಿನ ಇರಾನಿನವರು. ಅದರಲ್ಲಿ ಮನುಷ್ಯನ ಕೂಸನ್ನು ಸಾಕುವ ಸಿಮುರ್ಗ್ ಪಕ್ಷಿಯೂ ಇದೆ. ಅದನ್ನು ಬರೆದವನು ಮುಸ್ಲಿಂ, ಸಾವಿರ ವರ್ಷ ಕಾಪಾಡಿಕೊಂಡು ಬಂದವರಲ್ಲಿ ಮುಸ್ಲಿಮರೇ ಬಹಳ. ಕೇಳಿದ್ದನ್ನೆಲ್ಲ ನಂಬಬೇಕೆಂದು ದಾದಿ ಎಂದೂ ಹೇಳಿರಲಿಲ್ಲ. ಮರುದಿನ ನಾನು ಬ್ರೌನ್ ಕವರ್ ತೆಗೆದೆ.

ಕನ್ನಡದಲ್ಲೂ ಈ ದಾರಿ ಹೊಸದಲ್ಲ. ಬಿ.ಎಂ.ಶ್ರೀ. ಅವರು ಸೋಫೋಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ 'ಅಶ್ವತ್ಥಾಮನ್' ಬರೆದರು.

ರಜೆಯಲ್ಲಿ ಓದುವವರಿಗೆ ನನ್ನ ಸಲಹೆ ಇಷ್ಟೇ. ಹೆಸರಿನ ಪಟ್ಟಿ ಬೇಡ. ವಾರಕ್ಕೆ ಎರಡು ಕಥೆ ಸಾಕು. ಹಳೆಯ ಲೆಡ್ಜರ್ ಪುಸ್ತಕ ತೆಗೆದುಕೊಳ್ಳಿ. ಎಡಕ್ಕೆ ಪುಸ್ತಕದಲ್ಲಿ ಏನಿದೆ, ಯಾರು ಹೇಳಿದ್ದು ಎಂದು ಬರೆಯಿರಿ. ಬಲಕ್ಕೆ ನಿಮಗೆ ಮೊದಲೇ ಗೊತ್ತಿದ್ದದ್ದು. ಎರಡೂ ಬದಿ ತಾಳೆಯಾಗದ ಕಡೆ ನಿಂತು ಹುಡುಕಿ. ನನ್ನ ಲೆಡ್ಜರಿನಲ್ಲಿ ಮಿಡಾಸನಿಗೇ ಮೂರು ಪುಟ ಆಗಿದೆ. ಶಿಕ್ಷೆಯೋ ಕ್ಷಮೆಯೋ ಎಂಬುದಕ್ಕೆ ನನ್ನ ಉತ್ತರ ಕ್ಷಮೆ, ಏಕೆಂದರೆ ಓವಿಡ್ ಅವನಿಗೆ ಸ್ನಾನದ ದಾರಿ ತೋರಿಸುತ್ತಾನೆ. ಚಾಚಾನ ಮಗಳು ಇನ್ನೂ ಒಪ್ಪಿಲ್ಲ.

ಈ ರಜೆಗೆ 'ಒಡಿಸ್ಸಿ' ಇಟ್ಟುಕೊಂಡಿದ್ದೇನೆ. ಇಪ್ಪತ್ತು ವರ್ಷದ ಮೇಲೆ ತಂದೆ ಮನೆಗೆ ಬರುವ ಕಥೆ ಎಂದಾಗ ದಾದಿ, "ಇದರಲ್ಲಾದರೂ ತಂದೆ ಮಗ ಒಬ್ಬರನ್ನೊಬ್ಬರು ಗುರುತಿಸುತ್ತಾರಾ?" ಎಂದು ಕೇಳಿದರು. ಗುರುತಿಸುತ್ತಾರೆ ಎಂದೆ. "ಹಾಗಾದರೆ ಹೇಳು, ಮೊದಲಿನಿಂದ" ಎಂದು ದಿಂಬಿಗೆ ಒರಗಿ ಕುಳಿತರು.